ಈಪೋಗೆ ಐದು ಹೆಸರು

1986 ಜೂನ್ 10, ಮಂಗಳವಾರ

ಕೆಂಗೇರಿ ವಾಲಿಬಾಲ್ ಬಹುಮಾನ ವಿತರಣೆ ಬರೆದು ಕೊಟ್ಟೆ. ಹದಿನೆಂಟು ಸಾಲು. ‘ಕ್ರೀಡೆಯಿಂದ ಶಿಸ್ತು ಬೆಳೆಯುತ್ತದೆ ಎಂದು ಮುಖ್ಯ ಅತಿಥಿಗಳು ಹೇಳಿದರು.’ ಸಮಾರಂಭ ಇರುವುದು ಸಂಜೆ ಐದಕ್ಕೆ. ನಾನು ಬರೆದದ್ದು ಬೆಳಿಗ್ಗೆ ಹತ್ತೂವರೆಗೆ.

ಸಂಜೆ ಪತ್ರಿಕೆಯ ಕರ್ಮವೇ ಇದು. ಹನ್ನೊಂದೂವರೆಗೆ ಮ್ಯಾಟರ್ ಒಳಗೆ ಹೋಗಬೇಕು, ಮೂರಕ್ಕೆ ಪೇಪರ್ ಹೊರಗೆ ಬರಬೇಕು. ಆಹ್ವಾನ ಪತ್ರಿಕೆಯಲ್ಲಿ ಎಲ್ಲರ ಹೆಸರೂ ಇರುತ್ತದೆ — ಪ್ರಾರ್ಥನೆ ಯಾರು, ವಂದನಾರ್ಪಣೆ ಯಾರು. ಇನ್ನೇನು ಬೇಕು? ಹನ್ನೆರಡು ವರ್ಷದಲ್ಲಿ ಸಿಕ್ಕಿಬಿದ್ದದ್ದು ಒಂದೇ ಸಲ. ಭಾಷಣ ಮಾಡಿದರು ಎಂದು ನಾನು ಬರೆದಿದ್ದ ಮುಖ್ಯ ಅತಿಥಿ ಆ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿದ್ದರು. ಅವರೇ ಫೋನ್ ಮಾಡಿ, “ನನ್ನ ಭಾಷಣ ಚೆನ್ನಾಗಿತ್ತು ಕಣ್ರೀ” ಎಂದರು. ಆಫೀಸೆಲ್ಲ ನಕ್ಕಿತು. ನಾನೂ ನಕ್ಕೆ.

ಸ್ಪೋರ್ಟ್ಸ್ ಪುಟ ಪೂರ್ತಿ ಮೆಕ್ಸಿಕೋ ವರ್ಲ್ಡ್ ಕಪ್ ಫುಟ್‌ಬಾಲು. ನಡುವೆ ನಮ್ಮ ಸೆಪಕ್ ತಕ್ರಾಗೆ ಅರ್ಧ ಕಾಲಂ ಕೇಳಿದೆ. ಎಡಿಟರ್ ಪುರುಷೋತ್ತಮ್‌ಗೆ ನಗು. “ಏನ್ರೀ ನಾಣಿ ಅದು, ಆಟಾನೋ ತಿಂಡೀನೋ?” ಕಾಲಲ್ಲೇ ಆಡುವ ವಾಲಿಬಾಲ್ ಸಾರ್, ಬೆತ್ತದ ಚೆಂಡು, ಕೈ ಮುಟ್ಟೋ ಹಾಗಿಲ್ಲ, ಮಲೇಷ್ಯಾದಲ್ಲಿ ಗಲ್ಲಿಗಲ್ಲಿಯಲ್ಲೂ ಆಡ್ತಾರೆ ಎಂದೆ. ಎಂಟನೇ ಸಲ ಹೇಳಿದ್ದು.

ಅಲ್ಲಿ ಈಪೋ ಅನ್ನುವ ಊರಿನ ಕ್ಲಬ್ಬು ನಮ್ಮ ಸಂಘವನ್ನು ಆಗಸ್ಟ್ ಟೂರ್ನಮೆಂಟಿಗೆ ಕರೆದಿದೆ. ಐದು ಜನ ಆಟಗಾರರು. ಹೆಸರು ಜೂನ್ ಮೂವತ್ತರೊಳಗೆ ತಲುಪಬೇಕು. ಸಂಘದ ಪ್ರೆಸ್ ಸೆಕ್ರೆಟರಿ ನಾನು. ಸಂಘದ ಸುದ್ದಿ ಬರೆಯುವ ವರದಿಗಾರನೂ ನಾನೇ. ಯಾರಿಗೂ ಇದು ವಿಚಿತ್ರ ಅನ್ನಿಸಿಲ್ಲ. ನನಗೂ.

ಶನಿವಾರ ಮಧ್ಯಾಹ್ನ ಮೂರಕ್ಕೆ ವಿಜಯನಗರದ ಸ್ಕೂಲ್ ಗ್ರೌಂಡಿನಲ್ಲಿ ಟ್ರಯಲ್ಸ್. ಪ್ರಭಾ ಕಾಫಿ ಲೋಟ ಕೈಗೆ ಕೊಡದೆ ಹಿಡಿದುಕೊಂಡೇ ಕೇಳಿದಳು. “ರೀ, ಕಿಟ್ಟಿ ಹೆಸರು ಬರುತ್ತಾ?”

ಕಿಟ್ಟಿ ಅವಳ ತಮ್ಮ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾನೆ. ತಕ್ರಾ ಆಡುತ್ತಾನೆ, ಸುಮಾರಾಗಿ.

“ಟ್ರಯಲ್ಸ್ ಆಗ್ಲಿ ಕಣೇ. ನಾನು ಸೆಲೆಕ್ಟರ್ ಅಲ್ಲ.”

“ನೀವು ಮನಸ್ಸು ಮಾಡಿದ್ರೆ...” ಎಂದು ಒಳಗೆ ಹೋದಳು. ಕಾಫಿ ಕೊಟ್ಟೇ ಹೋದಳು, ಪುಣ್ಯ.

ಜೂನ್ 12, ಗುರುವಾರ

ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್ ನೋಡಲು ಹೋಗಿದ್ದೆ. ಅಂಜಿನಯ್ಯ ಇದ್ದ. ಕಾಮಾಕ್ಷಿಪಾಳ್ಯದವನು, ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಎಂಟು ಗಂಟೆಗೆ ಶೆಡ್ ಬಾಗಿಲು ತೆಗೆಯಬೇಕು. ಅಷ್ಟರೊಳಗೆ ಎರಡು ಗಂಟೆ ಆಡಿ ಓಡುತ್ತಾನೆ.

ಇವನ ಸರ್ವ್ ನೋಡುವುದೇ ಒಂದು ಸುಖ. ಕಾಲು ತಲೆಯ ಮೇಲಕ್ಕೆ ಹೋಗುತ್ತದೆ, ಚೆಂಡು ನೆಟ್ ದಾಟಿ ಆ ಕಡೆ ಮೂಲೆಗೆ ಬೀಳುತ್ತದೆ. ಎದುರಿಗಿದ್ದ ಕಿಟ್ಟಿ ಅದು ಬಿದ್ದ ಮೇಲೆ ಅಲುಗಾಡಿದ. “ಅಣ್ಣ, ಸ್ವಲ್ಪ ನಿಧಾನಕ್ಕೆ ಹೊಡಿಯಣ್ಣ” ಎಂದ. ಅಂಜಿ ನಕ್ಕು ಮುಂದಿನದನ್ನು ನಿಧಾನಕ್ಕೇ ಹೊಡೆದ.

ಹೊರಡುವಾಗ ನನ್ನ ಹತ್ತಿರ ಬಂದ. “ಸಾರ್, ಶನಿವಾರ ಓನರ್ ಲೀವ್ ಕೊಡಲ್ಲ ಅಂತವ್ರೆ. ಅರ್ಜೆಂಟ್ ಆರ್ಡರ್ ಐತೆ. ಕಾಲು ಹಿಡಿದಾದ್ರೂ ಬರ್ತೀನಿ ಸಾರ್.”

“ಬಾ ಕಣೋ. ನೀನಿಲ್ದೆ ಟೀಮ್ ಏನು?” ಇದು ನಾನೇ ಹೇಳಿದ ಮಾತು. ಬರೆದಿಡುತ್ತೇನೆ.

ಇವನಿಗೆ ಇಪ್ಪತ್ತನಾಲ್ಕು. ತುಮಕೂರು ರಸ್ತೆ ಕಡೆಯ ದೊಡ್ಡ ಫ್ಯಾಕ್ಟರಿಯೊಂದು ಸ್ಪೋರ್ಟ್ಸ್ ಕೋಟಾದಲ್ಲಿ ಹುಡುಗರನ್ನು ತೆಗೆದುಕೊಳ್ಳುತ್ತದೆ. ಹೊರದೇಶಕ್ಕೆ ಆಡಲು ಹೋಗಿಬಂದಿರಬೇಕು, ಇಪ್ಪತ್ತೈದು ತುಂಬಿರಬಾರದು. ಈಪೋಗೆ ಹೋದರೆ ಅವನಿಗೆ ಪರ್ಮನೆಂಟ್ ಕೆಲಸ. ಹೋಗದಿದ್ದರೆ ಲೇತು, ಕಣ್ಣಿಗೆ ಕಬ್ಬಿಣದ ಪುಡಿ. ಮುಂದಿನ ವರ್ಷ ಅನ್ನುವುದು ಅವನಿಗಿಲ್ಲ.

ಜೂನ್ 14, ಶನಿವಾರ, ಬೆಳಿಗ್ಗೆ 11.40, ಆಫೀಸು

ಟ್ರಯಲ್ಸ್ ವರದಿ ಕೊಟ್ಟಾಯಿತು.

ಇವತ್ತೇ ಹೋಗಬೇಕಿತ್ತು. ನಾಳೆ ಭಾನುವಾರ, ಪೇಪರ್ ಇಲ್ಲ. ಸೋಮವಾರ ಜಾಗ ಸಿಗುವುದಿಲ್ಲ. ಸಂಘದ ಅಧ್ಯಕ್ಷ ಗುರುಬಸಪ್ಪನವರದ್ದು ಬೇರೆ ಎರಡು ಸಲ ಫೋನು. “ನಾಣಿಯವರೇ, ಟ್ರಯಲ್ಸ್ ಆಗಿದೆ ಅನ್ನೋದಕ್ಕೆ ಕ್ರೀಡಾ ಇಲಾಖೆಯವರು ಪೇಪರ್ ಕಟಿಂಗ್ ಕೇಳ್ತಾರೆ. ಸೋಮವಾರ ಬೆಳಿಗ್ಗೆ ನನ್ನ ಕೈಲಿರಬೇಕು.” ವಿಜಯನಗರದಲ್ಲಿ ಕಲ್ಯಾಣ ಮಂಟಪ ಇಟ್ಟಿರುವ ಮನುಷ್ಯ. ಮದುವೆ ಮುಹೂರ್ತದ ಹಾಗೆಯೇ ಎಲ್ಲದಕ್ಕೂ ಅವಸರ.

ನಾಲ್ಕು ಹೆಸರು ಯಾರನ್ನು ಕೇಳಿದರೂ ಹೇಳುತ್ತಾರೆ. ಐದನೆಯದು ಅಂಜಿ, ಬಂದರೆ. ಬರುವುದಿಲ್ಲ, ಓನರ್ ಬಿಡುವುದಿಲ್ಲ... ಪೆನ್ನು ಹಿಡಿದು ಐದು ನಿಮಿಷ ಕೂತಿದ್ದೆ. ಕಿಟ್ಟಿ ಹೆಸರು ಬರೆದೆ. ಸುಮ್ಮನೆ ಜಾಗ ತುಂಬಲು. ಬೇರೆ ಆದರೆ ಸೋಮವಾರ ಎರಡು ಸಾಲು ತಿದ್ದುಪಡಿ ಹಾಕಿದರಾಯಿತು.

ಅಂಜಿ ಯಾಕಿಲ್ಲ ಎಂದು ಆಟ ಬಲ್ಲವರು ಕೇಳುತ್ತಾರಲ್ಲ. ಅದಕ್ಕೊಂದು ಸಾಲು ಸೇರಿಸಿದೆ. ‘ಕಾಮಾಕ್ಷಿಪಾಳ್ಯದ ಅಂಜಿನಯ್ಯ ಉತ್ತಮ ಪೈಪೋಟಿ ನೀಡಿದರೂ ಕಾಲು ಉಳುಕಿದ್ದರಿಂದ ಹಿಂದೆ ಸರಿದರು.’ ಅವನಿಗೂ ಮರ್ಯಾದೆ ಉಳಿಯಲಿ ಎಂದು.

ಅಚ್ಚಿನ ಮೊಳೆ ಜೋಡಿಸುವ ಮುನಿವೆಂಕಟಪ್ಪನೂ ಕಾಮಾಕ್ಷಿಪಾಳ್ಯದವನೇ. ಹಾಳೆಯಿಂದ ತಲೆಯೆತ್ತಿ ಕೇಳಿದ. “ಅಂಜಿನಯ್ಯಂಗೆ ಯಾವಾಗ ಉಳುಕ್ತು ಸಾರ್? ಬೆಳಗ್ಗೆ ನಲ್ಲಿ ಹತ್ರ ಎರಡು ಬಿಂದಿಗೆ ಹೊತ್ಕೊಂಡು ಹೋಯ್ತಿದ್ನಲ್ಲ?”

“ಆಮೇಲೆ” ಎಂದೆ.

ಅದೇ ದಿನ, ಸಂಜೆ 7

ಅಂಜಿ ಬಂದ.

ಎರಡೂ ಮುಕ್ಕಾಲಿಗೇ ಬಂದು ನಿಂತಿದ್ದ. ಅರ್ಧ ದಿನದ ಲೀವ್‌ಗೆ ಬದಲಾಗಿ ಮುಂದಿನ ಎರಡು ಭಾನುವಾರ ದುಡಿಯುತ್ತಾನಂತೆ. ಮಾರುಕಟ್ಟೆಯಿಂದ ಹೊಸ ಕ್ಯಾನ್ವಾಸ್ ಶೂ ಬೇರೆ ತಂದಿದ್ದ. “ಬಂದ್ಬಿಟ್ಟೆ ಸಾರ್!” ಎಂದ. ನಾನು ಗಡಿಯಾರ ನೋಡಿಕೊಂಡೆ.

ಇದುವರೆಗೂ ಅವನು ಹಾಗೆ ಆಡಿದ್ದನ್ನು ನೋಡಿಲ್ಲ. ಯಾವ ಸೆಟ್ಟನ್ನೂ ಸೋಲಲಿಲ್ಲ. ಕಿಟ್ಟಿ ಇದ್ದ ಕಡೆಗೆ ಏಳು ಸರ್ವ್, ಏಳೂ ಪಾಯಿಂಟು. ಕಿಟ್ಟಿಯೇ ಚಪ್ಪಾಳೆ ತಟ್ಟಿದ, ಪೆದ್ದು.

ನಾಲ್ಕೂವರೆಗೆ ಪೇಪರ್ ಬಂತು. ಗುರುಬಸಪ್ಪನವರೇ ಇಪ್ಪತ್ತು ಕಾಪಿ ತರಿಸಿದ್ದರು. ಪಂದ್ಯ ಇನ್ನೂ ನಡೆಯುತ್ತಿತ್ತು. ಗ್ರೌಂಡಿನ ಅಂಚಿನಲ್ಲಿ ಕೂತವರೆಲ್ಲ ಆಟ ಬಿಟ್ಟು ಆಟದ ಫಲಿತಾಂಶ ಓದುತ್ತಿದ್ದರು. ಯಾರೋ ಓದಿ ಅಂಜಿಯ ಕಾಲು ನೋಡಿದ. ಇನ್ನೊಬ್ಬ ಪಕ್ಕದವನನ್ನು ತಿವಿದ. ನಗು ಶುರುವಾಯಿತು. ಅಂಜಿ ಚೆಂಡು ಕೈಯಲ್ಲಿ ಹಿಡಿದು ಬಂದು ಕೇಳಿದ. “ಏನ್ ಸಾರ್, ನನ್ ಬಗ್ಗೆ ಬಂದೈತಾ?” ಯಾರೋ ಕೊಟ್ಟರು. ನಿಧಾನವಾಗಿ ಓದುತ್ತಾನೆ, ತುಟಿ ಅಲ್ಲಾಡುತ್ತದೆ. ಓದಿ ಮುಗಿಸಿ ತನ್ನ ಕಾಲನ್ನೇ ನೋಡಿಕೊಂಡ.

ನಾನು ಆ ಹೊತ್ತಿಗೆ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ. ಬಿಚ್ಚಿರಲಿಲ್ಲ ಅದು.

ಗುರುಬಸಪ್ಪನವರನ್ನು ಪಕ್ಕಕ್ಕೆ ಕರೆದು ಐದನೆಯದು ಅಂಜಿ ಆಗಬೇಕು ಎಂದೆ. ಹೇಳಿದೆ, ಅಷ್ಟರ ಮಟ್ಟಿಗೆ ಹೇಳಿದೆ.

“ಪೇಪರ್‌ನಲ್ಲಿ ಬಂದ್ಬಿಟ್ಟಿದೆಯಲ್ರೀ” ಎಂದರು. “ಈಗ ಬದಲಾಯಿಸಿದ್ರೆ ಟ್ರಯಲ್ಸೇ ಸುಳ್ಳು ಅಂತಾರೆ ಇಲಾಖೆಯವರು. ನಿಮ್ಮ ಪೇಪರ್ ಮಾನ ಹೋಗುತ್ತೆ, ನಮ್ಮ ಸಂಘದ ಮಾನಾನೂ ಹೋಗುತ್ತೆ. ಒಂದು ಮಾಡಿ. ಕಾಲು ಉಳುಕಿಲ್ಲ, ಗೆದ್ದಿದ್ದು ಅವನೇ ಅಂತ ನಿಮ್ಮ ಪೇಪರ್‌ನಲ್ಲೇ ತಿದ್ದುಪಡಿ ಹಾಕಿ. ಮೂವತ್ತನೇ ತಾರೀಖಿನೊಳಗೆ ತಂದುಕೊಡಿ, ಅವನ ಹೆಸರೇ ಕಳಿಸ್ತೀನಿ. ನನಗೇನು, ಕಿಟ್ಟಿ ನನ್ನ ಬಾಮೈದನಾ?”

ಕೊನೆಯ ಮಾತು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಥೂ.

ಮನೆಯಲ್ಲಿ ಪ್ರಭಾ ಪಾಯಸ ಮಾಡಿದ್ದಳು. ಎರಡು ಸಲ ಬಡಿಸಿಕೊಂಡು ತಿಂದೆ.

ಜೂನ್ 16, ಸೋಮವಾರ

ಇವತ್ತು ತಿದ್ದುಪಡಿ ಹಾಕಬೇಕಿತ್ತು. ಬರೆದೆ. ಎರಡೇ ಸಾಲು. ಎಡಿಟರ್ ಟೇಬಲ್‌ವರೆಗೂ ಹೋದೆ. ಮೂರು ಗಂಟೆಯ ಆಟದ ವರದಿ ಹನ್ನೊಂದೂವರೆಗೆ ಹೇಗೆ ಬಂತು ಎಂದು ಕೇಳಿದರೆ? ಅವರಿಗೂ ಗೊತ್ತು, ಇಡೀ ಆಫೀಸಿಗೆ ಗೊತ್ತು. ಆದರೆ ಗೊತ್ತಿರುವುದು ಬೇರೆ, ತಿದ್ದುಪಡಿ ಅಂತ ಅಚ್ಚಾಗುವುದು ಬೇರೆ. ಅಚ್ಚಾದರೆ ಯಾರನ್ನಾದರೂ ಮನೆಗೆ ಕಳಿಸಲೇಬೇಕು. ನನ್ನನ್ನೇ.

ಚೀಟಿ ಜೇಬಿಗೆ ಹಾಕಿಕೊಂಡು ವಾಪಸು ಬಂದೆ.

ಮಧ್ಯಾಹ್ನ ಅಂಜಿ ಬಂದ. ಊಟದ ಬಿಡುವಿನಲ್ಲಿ ಮಾಗಡಿ ರೋಡಿನಿಂದ ಸೈಕಲ್ ತುಳಿದುಕೊಂಡು. ಅಂಗಿಯೆಲ್ಲ ಎಣ್ಣೆ. ಒಳಗೆ ಬರದೆ ಮೆಟ್ಟಿಲ ಹತ್ತಿರವೇ ನಿಂತ.

“ಯಾರೋ ತಪ್ಪು ಹೇಳವ್ರೆ ಸಾರ್ ನಿಮ್ಗೆ. ನನ್ ಕಾಲು ಚೆನ್ನಾಗೈತೆ. ನೀವೇ ನೋಡಿದ್ರಲ್ಲ.”

ಯಾರೋ ತಪ್ಪು ಹೇಳಿದ್ದಾರೆ! ಅವನಿಗೆ ನನ್ನ ಮೇಲೆ ಅನುಮಾನವೇ ಇಲ್ಲ.

“ಹೌದು ಕಣೋ. ನಾನು ತಿದ್ದುಪಡಿ ಕೊಟ್ಟೆ. ಎಡಿಟರ್ ಒಪ್ಪಲಿಲ್ಲ” ಎಂದೆ.

ಕೊಟ್ಟೇ ಇರಲಿಲ್ಲ. ಒಂದು ಸುಳ್ಳನ್ನು ಬರೆದವನು ಇನ್ನೊಂದನ್ನು ಬಾಯಲ್ಲೇ ಹೇಳಿದೆ, ಅವನ ಮುಖ ನೋಡಿಕೊಂಡು.

“ಇನ್ನೊಂದ್ಸಲ ಕೇಳಿ ಸಾರ್” ಎಂದು ಹೊರಟ. ಹೋಗುವಾಗ ಕಾಲು ಸರಿಯಾಗಿದೆ ಎಂದು ತೋರಿಸಲೋ ಏನೋ, ನಾಲ್ಕು ಮೆಟ್ಟಿಲು ಒಟ್ಟಿಗೆ ಹಾರಿದ.

ಜೂನ್ 20, ಶುಕ್ರವಾರ

ಈಪೋದಿಂದ ದಪ್ಪ ಲಕೋಟೆ. ಕ್ಲಬ್ಬಿನ ಸೆಕ್ರೆಟರಿಯ ಪತ್ರ, ಜೊತೆಗೆ ಅಲ್ಲಿಯ ಲೋಕಲ್ ಇಂಗ್ಲಿಷ್ ಪೇಪರಿನ ಕಟಿಂಗ್‌ಗಳು.

ಅಲ್ಲಿ ದೊಡ್ಡ ರಂಪವಾಗಿದೆ. ಅವರ ಜಿಲ್ಲಾ ಸಂಘದ ಕಮಿಟಿಯವರು ತಮ್ಮ ಮಕ್ಕಳನ್ನೇ ಟೀಮಿಗೆ ಹಾಕಿಕೊಂಡಿದ್ದಾರೆ. ಟ್ರಯಲ್ಸ್ ನಡೆಸದೆ ನಡೆಸಿದೆವು ಎಂದು ಮಿನಿಟ್ಸ್ ಬರೆದಿದ್ದಾರೆ. ಒಬ್ಬ ವರದಿಗಾರ ಅದನ್ನು ಬಯಲು ಮಾಡಿದ್ದಾನೆ. ಅವನೂ ಆ ಕಮಿಟಿಯ ಮೆಂಬರೇ! ತನ್ನ ಹೆಸರು ಹಾಕಿಯೇ ಬರೆದಿದ್ದಾನೆ. ಮೂರನೇ ಪ್ಯಾರಾದಲ್ಲಿ ಒಂದು ವಾಕ್ಯ — ಆ ಮಿನಿಟ್ಸಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಕಮಿಟಿ ಬಿದ್ದುಹೋಯಿತು. ಅವನನ್ನೂ ಸಂಘದಿಂದ ತೆಗೆದರಂತೆ.

ಈಗ ಹೊಸ ಕಮಿಟಿ. ಟೂರ್ನಮೆಂಟ್ ನಡೆಯುತ್ತದೆ. ಅತಿಥಿಗಳ ಮುಂದೆ ನಮಗೆ ನಾಚಿಕೆಯಾಗಿದೆ, ಕ್ಷಮಿಸಿ ಎಂದು ಬರೆದಿದ್ದಾರೆ. ಜೂನ್ ಮೂವತ್ತರ ನಂತರ ಯಾರ ಹೆಸರೂ ಬದಲಾಯಿಸುವಂತಿಲ್ಲ, ಯಾರಿಗೂ ವಿನಾಯಿತಿ ಇಲ್ಲ.

ಆ ಒಂದು ವಾಕ್ಯವನ್ನು ಎಷ್ಟು ಸಲ ಓದಿದೆನೋ. ಯಾರೋ ಈಪೋದವನು, ಮುಖ ನೋಡಿಲ್ಲ. ಅವನ ಎದುರು ಕೂತ ಹಾಗಿತ್ತು.

ಎಡಿಟರ್ ಹೆಗಲ ಮೇಲಿಂದ ಬಗ್ಗಿ ನೋಡಿದರು. “ಅರೆ, ಒಳ್ಳೇ ಮಸಾಲೆ ಇದೆಯಲ್ರೀ! ಬರೀರಿ, ನಲವತ್ತು ಸಾಲು. ಚೆನ್ನಾಗಿ ಬಾರಿಸಿ.”

ಬಾರಿಸಿದೆ. ‘ಮಲೇಷ್ಯಾ ಕ್ರೀಡಾಡಳಿತಕ್ಕೆ ಗೆದ್ದಲು’ ಅಂತ ಹೆಡ್ಡಿಂಗ್. ಒಂದು ಜಿಲ್ಲೆಯ ಜಗಳವನ್ನು ಇಡೀ ದೇಶದ ತಲೆಗೆ ಕಟ್ಟಿದೆ. ಸ್ವಜನ ಪಕ್ಷಪಾತ, ಪ್ರತಿಭೆಯ ಕಗ್ಗೊಲೆ, ಕ್ರೀಡೆಯ ಹೆಸರಿನಲ್ಲಿ ನಾಟಕ... ಒಂದು ಕಡೆಯೂ ಪೆನ್ನು ನಿಲ್ಲಲಿಲ್ಲ. ಸಿಟ್ಟು ನಿಜವಾಗಿಯೂ ಬಂತು. ಯಾರ ಮೇಲೆ ಬಂತು ಅನ್ನುವುದನ್ನು ಬರೆಯಲಿಲ್ಲ, ಅಷ್ಟೇ. ಆ ವರದಿಗಾರನ ವಿಷಯಕ್ಕೆ ಎರಡು ಸಾಲೂ ಕೊಡಲಿಲ್ಲ. ಜಾಗ ಸಾಲದು ಎಂದುಕೊಂಡೆ.

ಜೂನ್ 21, ಶನಿವಾರ

ಲೇಖನ ಬಂತು. ಮೂರು ಫೋನು. ಬಸವೇಶ್ವರನಗರದ ರಿಟೈರ್ಡ್ ಹೆಡ್‌ಮಾಸ್ಟರು ಒಬ್ಬರು “ನಿಮ್ಮಂಥ ನಿರ್ಭೀತ ಪತ್ರಕರ್ತರು ಬೇಕು” ಎಂದರು. ಬೆನ್ನು ನೆಟ್ಟಗಾಯಿತು. ಒಂದು ಕ್ಷಣ ಆಯಿತು, ಸುಳ್ಳೇಕೆ.

ಸಂಜೆ ಕಿಟ್ಟಿ ಜೋರಾಗಿ ಓದಿದ, ಪ್ರಭಾಗೆ ಕೇಳಿಸಲಿ ಎಂದು. ‘ಪ್ರತಿಭೆಯ ಕಗ್ಗೊಲೆ’ ಹತ್ತಿರ ನಿಂತ.

“ಭಾವ, ನಮ್ಮಲ್ಲಿ ಟ್ರಯಲ್ಸ್ ಆಯ್ತಲ್ಲ, ಅಲ್ವಾ?”

“ಆಯ್ತಲ್ಲೋ. ನೀನೂ ಆಡಿದೆಯಲ್ಲ.”

“ಆಡ್ದೆ. ಅಂಜಿ ಗೆದ್ದ.”

“ಹೂಂ.”

“ಮತ್ತೆ ನಾನು ಹೆಂಗೆ ಭಾವ...”

“ಹೋಗೋ, ಹಾಲು ತಗೊಂಡು ಬಾ ಹೋಗು” ಎಂದು ಗದರಿದೆ. ಮನೆಯಲ್ಲಿ ಹಾಲಿತ್ತು. ಅವನಿಗೂ ಗೊತ್ತಿತ್ತು. ಆದರೂ ಪಾತ್ರೆ ತೆಗೆದುಕೊಂಡು ಹೋದ.

ಜೂನ್ 25, ಬುಧವಾರ

ಬೆಳಿಗ್ಗೆ ಬಾಗಿಲಲ್ಲಿ ಅಂಜಿ, ಅವನ ತಾಯಿ ಚಿಕ್ಕಗಂಗಮ್ಮ. ಮನೆಯಲ್ಲೇ ಅಗರಬತ್ತಿ ಹೊಸೆಯುವ ಹೆಂಗಸು, ಬೆರಳೆಲ್ಲ ಕಪ್ಪು. ಒಳಗೆ ಬನ್ನಿ ಎಂದೆ. ಚಾಪೆ ಹಾಕಿದರೂ ಕೂರಲಿಲ್ಲ.

ಅಂಜಿ ಜೇಬಿನಿಂದ ಪೇಪರ್ ತೆಗೆದ. ತಿದ್ದುಪಡಿಯದಲ್ಲ, ಅದು ಇಲ್ಲವಲ್ಲ. ನನ್ನ ಮಲೇಷ್ಯಾ ಲೇಖನ. ಅಂಚು ಕತ್ತರಿಸಿ ನೀಟಾಗಿ ಮಡಿಸಿದ್ದ.

“ಎರಡು ಸಲ ಓದ್ದೆ ಸಾರ್. ನಂದೇ ಬರ್ದಂಗೈತೆ. ಅಲ್ಲೀವರ್ದೇ ಇಷ್ಟು ಧೈರ್ಯವಾಗಿ ಬರೀತೀರ. ನಂದೂ ಎರಡು ಸಾಲು ಬರೀರಿ ಸಾರ್.”

ಚಿಕ್ಕಗಂಗಮ್ಮ ಹೇಳಿದಳು. “ಫ್ಯಾಕ್ಟರಿ ಸಾಹೇಬ್ರು ಕರ್ಸಿದ್ರು ಸ್ವಾಮಿ. ಕಾಲು ಮುರ್ಕೊಂಡವನಂತೆ ನಿನ್ ಮಗ ಅಂದ್ರು. ಇಲ್ಲ ಸ್ವಾಮಿ, ನೋಡಿ ಅಂದೆ. ಪೇಪರ್‌ನಾಗೆ ಬಂದೈತಲ್ಲಮ್ಮ ಅಂದ್ರು. ನಾನು ಓದಿದೋಳಲ್ಲ. ಪೇಪರ್‌ನೋರು ಸುಳ್ಳು ಬರೀತಾರಾ ಅಂತ ಅವ್ರು ಕೇಳಿದ್ರೆ ಏನಂತ ಹೇಳ್ಲಿ?”

ಪ್ರಭಾ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಇವತ್ತಿನವರೆಗೂ ವಿಷಯ ಗೊತ್ತಿರಲಿಲ್ಲ. ಅವಳ ಮುಖ ನೋಡಲಾಗಲಿಲ್ಲ.

“ಬರೀತೀನಮ್ಮ. ಈ ವಾರದೊಳಗೆ ಬರೀತೀನಿ.”

“ಯಾವತ್ತಿನ ಒಳ್ಗೆ ಬರ್ಬೇಕು ಸಾರ್, ಈಪೋದವ್ರಿಗೆ?” ಅಂಜಿ ಕೇಳಿದ. ಅವನಿಗೆ ತಾರೀಖು ಯಾರೂ ಹೇಳಿಲ್ಲ.

“ಇನ್ನೂ ಟೈಮ್ ಇದೆ. ನಾನು ನೋಡ್ಕೋತೀನಿ.”

ಇಬ್ಬರೂ ಕೈ ಮುಗಿದು ಹೋದರು. ಪ್ರಭಾ ಬಂದು ಚಾಪೆ ಸುತ್ತಿದಳು. “ಸುಳ್ಳು ಬರೆದಿದ್ದು ನೀವೇ ಏನ್ರೀ?” ಎಂದಳು. “ನಿನ್ನ ತಮ್ಮನಿಗೋಸ್ಕರಾನೇ” ಎಂದೆ. ಅವಳು ಚಾಪೆ ಮೂಲೆಗಿಟ್ಟು ಒಳಗೆ ಹೋದಳು. ಛೀ, ಎಂಥಾ ಮಾತು ಬಂತು ನನ್ನ ಬಾಯಲ್ಲಿ. ಅವಳು ಕೇಳಿದ್ದು ಹೆಸರು ಬರುತ್ತಾ ಅಂತ. ಕಾಲು ಉಳುಕಿಸು ಅಂದಿದ್ದಳೇ?

ಜೂನ್ 28, ಶನಿವಾರ

ಹಾಕಲಿಲ್ಲ.

ನಾಳೆ ಪೇಪರ್ ಇಲ್ಲ. ಇನ್ನು ಉಳಿದದ್ದು ಸೋಮವಾರ. ಹನ್ನೊಂದೂವರೆಗೆ ಕೊಟ್ಟರೆ ಮೂರಕ್ಕೆ ಅಚ್ಚು, ನಾಲ್ಕಕ್ಕೆ ಗುರುಬಸಪ್ಪನವರ ಕೈಗೆ, ಐದರೊಳಗೆ ಟೆಲಿಗ್ರಾಂ. ಆಗುತ್ತದೆ. ಲೆಕ್ಕ ಹಾಕಿ ನೋಡಿದೆ, ಆಗುತ್ತದೆ.

ಪ್ರಭಾಳದು ನಾಲ್ಕು ದಿನದಿಂದ ಬೇಕಾದಷ್ಟೇ ಮಾತು. ಊಟಕ್ಕೆ ಬನ್ನಿ. ಸೀಗೆಪುಡಿ ತನ್ನಿ. ಕಿಟ್ಟಿ ಪ್ರಾಕ್ಟೀಸಿಗೆ ಹೋಗುವುದನ್ನು ಬಿಟ್ಟಿದ್ದಾನೆ.

ಜೂನ್ 30, ಸೋಮವಾರ, ಸಂಜೆ

ರಾಜಾಜಿನಗರ ಪೋಸ್ಟಾಫೀಸಿನಲ್ಲಿ ನಾಲ್ಕೂ ಹತ್ತಕ್ಕೆ ಗುರುಬಸಪ್ಪನವರ ಹೆಸರಿನಲ್ಲಿ ಟೆಲಿಗ್ರಾಂ ಕೊಟ್ಟೆ. ಐದು ಹೆಸರು. ಐದನೆಯದು ಕಿಟ್ಟಿ.

ಬೆಳಿಗ್ಗೆ ಚೀಟಿ ಜೇಬಿನಲ್ಲೇ ಇತ್ತು. ಹನ್ನೊಂದು ಆಯಿತು. ಹನ್ನೊಂದೂ ಕಾಲು. ಅರ್ಜೆಂಟೀನಾ ಗೆದ್ದ ಸುದ್ದಿಗೆ ಫೋಟೋ ಹುಡುಕುತ್ತಿದ್ದೆ, ಅದಕ್ಕೆ ಅಡಿಬರಹ ಬರೆದೆ, ಬೇರೆಯವರ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ಮಾಡಿದೆ. ಹನ್ನೊಂದೂವರೆ ಹೊಡೆಯಿತು. ಪುಟ ಕಟ್ಟಿಯಾಯಿತು ಎಂದು ಮುನಿವೆಂಕಟಪ್ಪ ಕೂಗಿದ.

ನಿರಾಳವಾಯಿತು. ಅದನ್ನೂ ಬರೆಯಬೇಕು. ನಿರಾಳವೇ ಆಯಿತು.

ಕೌಂಟರ್‌ನಲ್ಲಿ ಗುಮಾಸ್ತ ಹೆಸರುಗಳನ್ನು ಓದಿ ಹೇಳಿ, “ಸರಿಯಾಗಿದೆಯಾ ನೋಡಿ ಸಾರ್, ಆಮೇಲೆ ತಿದ್ದೋಕಾಗಲ್ಲ” ಎಂದ. ಸರಿಯಾಗಿದೆ ಎಂದೆ.

ಜುಲೈ 1, ಮಂಗಳವಾರ

ತಿದ್ದುಪಡಿ ಕೊಟ್ಟೆ. ಸೀದಾ ಎಡಿಟರ್ ಮುಂದೆ ಇಟ್ಟೆ.

‘ಜೂನ್ 14ರ ಸಂಚಿಕೆಯಲ್ಲಿ ಅಂಜಿನಯ್ಯ ಅವರ ಕಾಲು ಉಳುಕಿತೆಂದು ಪ್ರಕಟವಾದದ್ದು ನಿಜವಲ್ಲ. ಟ್ರಯಲ್ಸ್‌ನ ಎಲ್ಲ ಪಂದ್ಯಗಳನ್ನೂ ಅವರೇ ಗೆದ್ದಿದ್ದರು. ತಪ್ಪು ವರದಿಗಾರನದೇ.’

ಎರಡು ಸಾಲು ಅಂದಿದ್ದು ಮೂರಾಯಿತು. ಎಡಿಟರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. “ಹೆಸರು ಹೊರಟುಹೋಯ್ತಾ?” ಎಂದರು. ನಿನ್ನೆಯೇ ಹೋಯ್ತು ಸಾರ್ ಎಂದೆ. “ಹಾಗಾದ್ರೆ ಯಾರಿಗೂ ತೊಂದರೆ ಇಲ್ಲ. ಹಾಕಿ. ತಪ್ಪು ಒಪ್ಪಿಕೊಳ್ಳೋ ಪೇಪರ್ ಅಂತ ಹೆಸರಾದ್ರೂ ಬರುತ್ತೆ. ಬಾಕ್ಸ್ ಕಟ್ಟಿ ಹಾಕಿ.”

ಮುನಿವೆಂಕಟಪ್ಪ ಒಂದೊಂದೇ ಮೊಳೆ ಜೋಡಿಸಿದ. ಯಾವತ್ತೂ ಅಷ್ಟು ನಿಧಾನ ಮಾಡಿದವನಲ್ಲ. “ಅಂಜಿನಯ್ಯನ ತಾಯಿಗೆ ನಾನೇ ಓದಿ ಹೇಳ್ತೀನಿ ಸಾರ್” ಎಂದ. ಸಂಜೆ ಎರಡು ಕಾಪಿ ತೆಗೆದುಕೊಂಡು ಹೋದ.

ನಿನ್ನೆ ಆಗದ್ದು ಇವತ್ತು ಹೇಗಾಯಿತು? ಇದನ್ನು ಓದುವವರು ಯಾರೂ ಇಲ್ಲ, ಬರೆದುಬಿಡುತ್ತೇನೆ. ಕಾದೆ. ಗಡುವು ಮುಗಿಯಲಿ ಎಂದು ಕಾದೆ. ಕಿಟ್ಟಿಯೂ ಹೋಗಬೇಕು, ನನ್ನ ಕೆಲಸವೂ ಉಳಿಯಬೇಕು, ಸತ್ಯ ಹೇಳಿದೆ ಅನ್ನಿಸಿಕೊಳ್ಳಲೂಬೇಕು. ಮೂರೂ ದಕ್ಕುವುದು ಇವತ್ತೇ.

ಜುಲೈ 2, ಬುಧವಾರ

ಹೆಡ್‌ಮಾಸ್ಟರು ಮತ್ತೆ ಫೋನ್ ಮಾಡಿದರು. “ತನ್ನ ತಪ್ಪನ್ನ ತಾನೇ ಬರೆಯೋದಕ್ಕೆ ಎಂಟೆದೆ ಬೇಕು.” ಗುರುಬಸಪ್ಪನವರೂ ಫೋನ್ ಮಾಡಿದರು. “ಮೊನ್ನೆ ತಂದುಕೊಟ್ಟಿದ್ರೆ ಕಳಿಸ್ತಿದ್ದೆ ನಾಣಿಯವರೇ. ನಾನು ಕಾದಿದ್ದೆ” ಎಂದು ಇಟ್ಟರು. ಅವರೂ ಕಾದಿದ್ದರಂತೆ.

ಪ್ರಭಾ ಪೇಪರ್ ಓದಿದಳು. “ಒಳ್ಳೇದಾಯ್ತು ಬಿಡಿ” ಎಂದಳು. ಮೊದಲಿನ ಹಾಗೆ ಮಾತಾಡಿದಳು. ತಾರೀಖಿನ ವಿಷಯ ಅವಳಿಗೆ ಗೊತ್ತಿಲ್ಲ.

ಜುಲೈ 6, ಭಾನುವಾರ

ಹತ್ತು ಗಂಟೆಗೆ ಅಂಜಿ ಬಂದ. ಒಬ್ಬನೇ. ಕೈಯಲ್ಲಿ ಅಗರಬತ್ತಿಯ ಎರಡು ಕಟ್ಟು. “ಅಮ್ಮ ಕಳಿಸ್ತು ಸಾರ್. ದೇವ್ರಿಗೆ ಹಚ್ಚೋಕೆ.”

ಈ ಸಲ ಕೂತ. ಪ್ರಭಾ ಉಪ್ಪಿಟ್ಟು ಕೊಟ್ಟಳು, ತಿಂದ. ಫ್ಯಾಕ್ಟರಿಗೆ ಹೋಗಿದ್ದನಂತೆ, ತಿದ್ದುಪಡಿ ತೋರಿಸಿದನಂತೆ. ಕಾಲು ಸರಿಯಿದೆ ಎಂದು ನಂಬಿದರಂತೆ. ಆದರೆ ಮಲೇಷ್ಯಾಕ್ಕೆ ಹೋದವರ ಪಟ್ಟಿಯಲ್ಲಿ ಹೆಸರಿಲ್ಲದೆ ಆಗುವುದಿಲ್ಲ ಎಂದರಂತೆ. ಸೆಪ್ಟೆಂಬರಿಗೆ ಇಪ್ಪತ್ತೈದು ತುಂಬುತ್ತದೆ. “ಲೇತೇ ಗತಿ ಸಾರ್” ಎಂದು ನಕ್ಕ. ಅಳುತ್ತಾನೆ ಎಂದುಕೊಂಡಿದ್ದೆ. ಇಲ್ಲ, ನಕ್ಕ.

ಕಿಟ್ಟಿ ರೂಮಿನಿಂದ ಹೊರಗೇ ಬರಲಿಲ್ಲ. ಅಂಜಿಯೇ ಬಾಗಿಲ ಹತ್ತಿರ ಹೋಗಿ ಕೂಗಿದ. “ಲೋ ಕಿಟ್ಟಿ, ನಾಳೆಯಿಂದ ಬಾರೋ ಗ್ರೌಂಡಿಗೆ. ಹೆಂಗೂ ಹೋಗ್ತಾ ಇದೀಯ, ಸರ್ವ್ ತಗೊಳೋದು ಕಲ್ತ್ಕೊಂಡಾದ್ರೂ ಹೋಗು. ನಾನು ಹೊಡೀತೀನಿ, ನೀನು ಎತ್ತು.”

ಆಮೇಲೆ ನನ್ನ ಕಡೆ ತಿರುಗಿ ಹೇಳಿದ. “ತಡ ಆಯ್ತು ಅಂತ ಬೇಜಾರು ಮಾಡ್ಕೋಬೇಡಿ ಸಾರ್. ಒಂದಿನ ಹಿಂದೆ ಬಂದಿದ್ರೆ ಆಗ್ತಿತ್ತಂತೆ, ಗುರುಬಸಪ್ಪೋರು ಅಂದ್ರು. ಕಡೇ ದಿನ ಯಾವ್ದು ಅಂತ ನಿಮಗಾದ್ರೂ ಏನ್ ಗೊತ್ತಿತ್ತು? ನೀವು ಬರೆದ್ರಲ್ಲ, ಅಷ್ಟು ಸಾಕು. ಅಮ್ಮ ಆ ಪೇಪರ್‌ನ ದೇವ್ರ ಪಟದ ಹಿಂದೆ ಇಟ್ಟೈತೆ.”

“ಹೂಂ” ಎಂದೆ.

ಅವನು ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದ. ಹೇಳಬೇಕು ಅನ್ನಿಸಿತು. ಕಾಲು ಉಳುಕಿಸಿದವನು ನಾನು, ತಾರೀಖು ಗೊತ್ತಿದ್ದವನು ನಾನು, ಟೆಲಿಗ್ರಾಂ ಕೊಟ್ಟವನೂ ನಾನು. ಬರಿಗಾಲಲ್ಲೇ ಬೀದಿಗೆ ಓಡಿದೆ. “ಅಂಜೀ” ಎಂದು ಕೂಗಿದೆ. ಸೈಕಲ್ ನಿಲ್ಲಿಸಿ ತಿರುಗಿ ನೋಡಿದ. “ಏನ್ ಸಾರ್?”

“ನಾನು...” ಎಂದು ಶುರುಮಾಡಿದೆ.